ನಿಪ್ಪಾಣಿಯಿಂದ ಸ್ಟ್ರಾಬೆರಿ ತೋಟಕ್ಕೆ ಒಂದು ದಿನ: ಯಾವಾಗ ಹೋಗಬೇಕು, ಹೆಂಗ ಕೀಳಬೇಕು, ಕೆಡದಂಗ ಮನಿಗೆ ಹೆಂಗ ತರಬೇಕು

ನಿಪ್ಪಾಣಿ: ಡಿಸೆಂಬರ್ ಬಂತು ಅಂದ್ರೆ ಸಾಕು, ನಮ್ಮ ತಾಲೂಕಿನವರ ವಾಟ್ಸಾಪ್ ಸ್ಟೇಟಸ್ ತುಂಬ ಸ್ಟ್ರಾಬೆರಿ ಬುಟ್ಟಿ ಹಿಡಿದ ಫೋಟೋಗಳು. ಪಂಚಗಣಿ, ಮಹಾಬಳೇಶ್ವರದ ಕಡೆ ಹೋಗಿ, ತೋಟದಾಗ ಇಳಿದು, ಕೈಯಾರೆ ಹಣ್ಣು ಕಿತ್ತುಕೊಂಡು ಬರೋದು ಈಗ ನಮ್ಮ ಕಡೆ ಒಂದು ರೂಢಿಯೇ ಆಗಿದೆ. ಆದರೆ ಹೋಗಿ ಬಂದ ಬಹಳ ಜನ ಹೇಳೋ ಮಾತು ಎರಡು. ಒಂದು, "ಫೋಟೋದಾಗ ಕೆಂಪಗ ಇತ್ತು, ತಿಂದ್ರ ಹುಣಚೀ ಹಣ್ಣು." ಇನ್ನೊಂದು, "ಮನಿಗೆ ಬಂದು ಬಾಕ್ಸ್ ತೆಗದ್ರ ಕೆಳಗ ಬರೇ ನೀರು."

ಎರಡನೇ ಮಾತು ನಮ್ಮ ಮನೆಯಲ್ಲೇ ಆಗಿದ್ದು. ನನ್ನ ಸೋದರಮಾವ ಬಸ್ ಸ್ಟ್ಯಾಂಡ್ ಹತ್ತಿರ ಗಾಡಿ ಮೇಲೆ ಹಣ್ಣು ಮಾರ್ತಾರೆ. ಎರಡು ವರ್ಷದ ಹಿಂದೆ ಫೆಬ್ರವರಿ ಕೊನೆಯಲ್ಲಿ ನಾವೆಲ್ಲ ಒಂದು ಗಾಡಿ ಮಾಡಿಕೊಂಡು ಹೋಗಿದ್ದೆವು. ಮಾಮಾ ಅಲ್ಲಿ ರೇಟ್ ನೋಡಿ ಖುಷಿಯಾಗಿ, ಮುಂಜಾನೆ 11ಕ್ಕೇ 12 ಬಾಕ್ಸ್ ತಗೊಂಡು ಡಿಕ್ಕಿಯಲ್ಲಿ ಇಟ್ಟುಬಿಟ್ಟರು. ಆಮೇಲೆ ದಿನವಿಡೀ ನಾವು ಪಾಯಿಂಟ್ ನೋಡುತ್ತಾ ತಿರುಗಾಡಿದೆವು, ಹಣ್ಣು ಬಿಸಿಲಲ್ಲಿ ನಿಂತ ಗಾಡಿಯ ಡಿಕ್ಕಿಯಲ್ಲಿ ಬೇಯುತ್ತಾ ಇತ್ತು. ರಾತ್ರಿ ಮನೆಗೆ ಬಂದೆವು. ಮರುದಿನ ಮುಂಜಾನೆ ಬಾಕ್ಸ್ ಬಿಚ್ಚಿದರೆ ಕೆಳಗಿನ ಸಾಲು ಪೂರ್ತಿ ಒಡೆದು ರಸ ಇಳಿದಿತ್ತು. ಸಂಜೆ ಹೊತ್ತಿಗೆ ಬೂಷ್ಟು ಹಿಡಿಯಿತು. ಉಳಿದದ್ದನ್ನ ಅರ್ಧ ದರಕ್ಕೆ ಕೊಟ್ಟು ಕೈ ತೊಳೆದುಕೊಂಡರು. ಹಣ್ಣಿನ ವ್ಯಾಪಾರದಲ್ಲಿ ತಲೆ ಬೆಳ್ಳಗಾದ ಮನುಷ್ಯ, ಬಾಳೆಹಣ್ಣು, ಸೀತಾಫಲ ಮುಟ್ಟಿ ನೋಡಿಯೇ ಎಷ್ಟು ದಿನ ತಡಿಯುತ್ತೆ ಅಂತ ಹೇಳುವವರು. ಆದರೆ ಈ ಹಣ್ಣಿನ ಲೆಕ್ಕ ಬೇರೆ. ಅದಾದ ಮೇಲೆ ಮತ್ತೆ ಎರಡು ಸಲ ಹೋಗಿ, ತೋಟದವರನ್ನ ಕೇಳಿ, ನೋಡಿ ತಿಳಿದುಕೊಂಡಿದ್ದನ್ನ ಇಲ್ಲಿ ಬರೆದಿದ್ದೇನೆ. ಮನೆ ಮಂದಿ ಕರಕೊಂಡು ಹೋಗುವವರಿಗೂ ಆಗುತ್ತೆ, ನಾಲ್ಕು ಬಾಕ್ಸ್ ತಂದು ಅಂಗಡಿಯಲ್ಲಿ ಇಡುವವರಿಗೂ ಆಗುತ್ತೆ.

ಅಲ್ಲೇ ಯಾಕೆ?

ಭಾರತದಲ್ಲಿ ಬೆಳೆಯುವ ಸ್ಟ್ರಾಬೆರಿಯಲ್ಲಿ ನೂರಕ್ಕೆ ಸುಮಾರು 85 ಪಾಲು ಈ ಮಹಾಬಳೇಶ್ವರ, ಪಂಚಗಣಿ ಪಟ್ಟಿಯದ್ದೇ ಅಂತ ಹೇಳ್ತಾರೆ. 2010ರಲ್ಲಿ ಮಹಾಬಳೇಶ್ವರ ಸ್ಟ್ರಾಬೆರಿಗೆ ಜಿಐ ಟ್ಯಾಗ್ ಸಿಕ್ಕಿತು. ಸಮುದ್ರ ಮಟ್ಟದಿಂದ ಸುಮಾರು 1,300 ಮೀಟರ್ ಎತ್ತರ, ಕೆಂಪು ಮಣ್ಣು, ರಾತ್ರಿ ಥಂಡಿ. ಚಳಿಗಾಲದಲ್ಲಿ ವೆಣ್ಣಾ ಲೇಕ್ ಸುತ್ತ ಕೆಲವು ಮುಂಜಾನೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗೆ ಕೂತಿರುತ್ತೆ. ಅದು ನೋಡೋಕೆ ಚಂದ, ತೋಟದವರಿಗೆ ಮಾತ್ರ ಎದೆ ಡವ ಡವ, ಯಾಕಂದ್ರೆ ಹೂವು ಸುಟ್ಟು ಹೋಗುತ್ತೆ.

ಬ್ರಿಟಿಷರು ಮುಂಬಯಿ ಸೆಕೆ ತಾಳಲಾರದೆ ಬೇಸಿಗೆಗೆ ಬಂದು ಕೂರುತ್ತಿದ್ದ ಊರು ಇದು. ಅವರ ಬಾಯಿ ರುಚಿಗೆ ಬೇಕಾದ ತರಕಾರಿ, ಹಣ್ಣು ಇಲ್ಲಿ ಊರಿದ್ದು ಆ ಕಾಲದಲ್ಲೇ. ಈಗ ಇರುವ ತಳಿಗಳು ಆಗಿನವಲ್ಲ. ವಿಂಟರ್ ಡಾನ್, ಸ್ವೀಟ್ ಚಾರ್ಲಿ, ಕ್ಯಾಮರೋಸಾ, ನಾಬಿಲಾ ಅನ್ನೋ ಹೆಸರು ತೋಟದಲ್ಲಿ ಕೇಳ್ತೀರಿ. ತಾಯಿ ಸಸಿ ಹೊರದೇಶದಿಂದ ತರಿಸ್ತಾರೆ, ಅದರ ಬಳ್ಳಿ ಬೇರು ಬಿಡಿಸಿ ನರ್ಸರಿಯಲ್ಲಿ ಮರಿ ಸಸಿ ಮಾಡ್ತಾರೆ, ಮಳೆ ನಿಂತ ಮೇಲೆ ಸೆಪ್ಟೆಂಬರ್–ಅಕ್ಟೋಬರದಲ್ಲಿ ಹೊಲಕ್ಕೆ ನಾಟಿ. ಎಕರೆಗೆ 20 ಸಾವಿರಕ್ಕಿಂತ ಹೆಚ್ಚು ಸಸಿ ಬೇಕು. ಮೇಲೆ ಮಲ್ಚಿಂಗ್ ಪೇಪರ್, ಡ್ರಿಪ್, ಔಷಧಿ, ಕೀಳುವ ಆಳು. ಒಂದು ಬುಟ್ಟಿ ಹಣ್ಣಿನ ಹಿಂದೆ ಇಷ್ಟು ಖರ್ಚು ಇದೆ ಅಂತ ಗೊತ್ತಾದ ಮೇಲೆ ನಾನು ಅಲ್ಲಿ ಚೌಕಾಸಿ ಮಾಡೋದು ಕಡಿಮೆ ಮಾಡಿದೆ.

ಯಾವಾಗ ಹೋಗಬೇಕು?

ನವೆಂಬರ್ ಕೊನೆಗೆ ಹಣ್ಣು ಶುರು. ಆದರೆ ಆಗ ಕಡಿಮೆ, ದರ ಜಾಸ್ತಿ. ಮಳೆ ಹಿಂದಕ್ಕೆ ಹೋದ ವರ್ಷ ನಾಟಿಯೂ ಹಿಂದಕ್ಕೆ ಹೋಗುತ್ತೆ, ಡಿಸೆಂಬರ್ ಮೊದಲ ವಾರದಲ್ಲಿ ಹೋದವರಿಗೆ ಎಲೆ ಮಾತ್ರ ಕಾಣುತ್ತೆ. ಜನವರಿ, ಫೆಬ್ರವರಿ ಎರಡು ತಿಂಗಳು ಕಣ್ಣು ಮುಚ್ಚಿ ಹೋಗಬಹುದು. ಮಾರ್ಚ್‌ನಲ್ಲೂ ಹಣ್ಣು ಇರುತ್ತೆ, ಆದರೆ ಬಿಸಿಲು ಏರಿದಂತೆ ಹಣ್ಣು ಸಣ್ಣದಾಗಿ, ಮೆತ್ತಗೆ ಆಗುತ್ತಾ ಹೋಗುತ್ತೆ. ಏಪ್ರಿಲ್ ಅಂದ್ರೆ ಮುಗಿಯುವ ಹೊತ್ತು. ಈಸ್ಟರ್ ಸುಮಾರಿಗೆ ಗುರೇಘರದ ಮ್ಯಾಪ್ರೋ ಗಾರ್ಡನ್‌ನಲ್ಲಿ ಸ್ಟ್ರಾಬೆರಿ ಹಬ್ಬ ಮಾಡ್ತಾರೆ, ಗದ್ದಲ ಇಷ್ಟ ಇದ್ದವರು ಆಗ ಹೋಗಬಹುದು. ಮೇ ತಿಂಗಳ ರಜೆಗೆ ಹೋಗಿ "ತೋಟ ಎಲ್ಲೈತಿ?" ಅಂತ ಕೇಳಬೇಡ್ರಿ.

ತಿಂಗಳಿಗಿಂತ ವಾರ ಮುಖ್ಯ. ಶನಿವಾರ, ರವಿವಾರ ಪುಣೆ, ಮುಂಬಯಿ ಗಾಡಿಗಳು ಘಾಟ್ ತುಂಬ ನಿಂತಿರುತ್ತವೆ. ಆ ಎರಡು ದಿನದಲ್ಲಿ ಬಂದವರು ಕೆಂಪು ಕಂಡಿದ್ದನ್ನೆಲ್ಲ ಕಿತ್ತುಕೊಂಡು ಹೋಗಿರ್ತಾರೆ, ಹಾಗಾಗಿ ಸೋಮವಾರವೂ ಸಪ್ಪೆ. ಸೀಜನ್ನಿನಲ್ಲಿ ಎರಡು ಮೂರು ದಿನಕ್ಕೊಮ್ಮೆ ಒಂದು ಹೊಲದ ಕೊಯ್ಲು ಮಾಡ್ತಾರೆ, ಅದೂ ಮುಂಜಾನೆ ಥಂಡಿ ಇರುವಾಗಲೇ. ಆದ್ದರಿಂದ ಬುಧವಾರ, ಗುರುವಾರ ಮುಂಜಾನೆ 10ರ ಒಳಗೆ ತೋಟದಲ್ಲಿ ಇರಬೇಕು. ಅಂಗಡಿಯವರಿಗೆ ವಾರದ ನಡುವೆ ಬಾಗಿಲು ಹಾಕೋದು ಕಷ್ಟ ಅಂತ ಗೊತ್ತು. ಆದರೂ ಹೇಳ್ತೀನಿ, ರವಿವಾರ ಹೋದರೆ ತೋಟಕ್ಕಿಂತ ಟ್ರಾಫಿಕ್ ಜಾಸ್ತಿ ನೋಡ್ತೀರಿ.

ದಾರಿ ಮತ್ತು ಹೊತ್ತು

ನಿಪ್ಪಾಣಿಯಿಂದ ಪಂಚಗಣಿಗೆ ಒಂದು ಕಡೆಗೆ ಸುಮಾರು 210ರಿಂದ 220 ಕಿಲೋಮೀಟರ್. ಚಿಕ್ಕೋಡಿಯವರು ಇದಕ್ಕೆ 25, ಬೆಳಗಾವಿಯವರು 75 ಕಿಲೋಮೀಟರ್ ಸೇರಿಸಿಕೊಳ್ಳಬೇಕು. ಹೆದ್ದಾರಿ 48 ಹಿಡಿದು ಕೊಲ್ಹಾಪುರ, ಕರಾಡ, ಸಾತಾರಾ ದಾಟಿ, ಸುರೂರ ಹತ್ತಿರ ಎಡಕ್ಕೆ ತಿರುಗಿದರೆ ವಾಯಿ. ವಾಯಿ ದಾಟಿದ ಮೇಲೆ ಪಸರಣಿ ಘಾಟ್ ಏರಿದರೆ ಪಂಚಗಣಿ. ಅಲ್ಲಿಂದ ಮಹಾಬಳೇಶ್ವರಕ್ಕೆ ಸುಮಾರು 20 ಕಿಲೋಮೀಟರ್, ತೋಟಗಳು ಹೆಚ್ಚಾಗಿ ಇರೋದು ಈ ಎರಡು ಊರಿನ ನಡುವೆ ಮತ್ತು ಭಿಲಾರದ ಕಡೆ.

ಕೊಗನೊಳ್ಳಿ, ಕಿಣಿ, ತಾಸವಡೆ, ಆಣೇವಾಡಿ, ನಾಲ್ಕು ಟೋಲ್ ಬರ್ತವೆ. ಫಾಸ್ಟ್ಯಾಗ್‌ನಲ್ಲಿ ದುಡ್ಡು ಹಾಕಿಸಿಕೊಂಡೇ ಹೊರಡ್ರಿ. ಪಂಚಗಣಿ, ಮಹಾಬಳೇಶ್ವರ ಎರಡೂ ಕಡೆ ಪ್ರವಾಸಿಗರಿಂದ ಪ್ರವೇಶ ಕರ ತಗೋತಾರೆ, ಅದಕ್ಕೆ ಚಿಲ್ಲರೆ ಇರಲಿ. ಹೆದ್ದಾರಿಯಲ್ಲಿ ಅಗಲೀಕರಣ ಕೆಲಸ ನಡೆದ ಕಡೆ ಡೈವರ್ಷನ್ ಸಿಗುತ್ತವೆ, ಕತ್ತಲಲ್ಲಿ ಹುಷಾರು.

ನಾವು ನಸುಕಿನ 4ಕ್ಕೆ ಬಿಟ್ಟರೆ 9ರ ಸುಮಾರಿಗೆ ಪಂಚಗಣಿ ಮುಟ್ಟುತ್ತೇವೆ. 6ಕ್ಕೆ ಬಿಟ್ಟರೆ ಇದು ಒಂದು ದಿನದ ಪ್ರವಾಸ ಆಗೋದಿಲ್ಲ. ನಾಷ್ಟಾ ಕರಾಡ ಅಥವಾ ಸಾತಾರಾದಲ್ಲಿ ಮುಗಿಸ್ರಿ, ಆದರೆ ಹೊಟ್ಟೆ ತುಂಬ ಮಿಸಳ ತಿಂದು ಪಸರಣಿ ಘಾಟ್ ಹತ್ತಬೇಡ್ರಿ. ನಮ್ಮ ಗಾಡಿಯಲ್ಲಿ ಏನಾಯ್ತು ಅಂತ ಇಲ್ಲಿ ಬರೆಯೋದಿಲ್ಲ.

ಬಸ್ಸಿನಲ್ಲಿ ಹೋಗೋರು ಪುಣೆ ಕಡೆ ಹೋಗುವ ಬಸ್ ಹಿಡಿದು ಸಾತಾರಾದಲ್ಲಿ ಇಳಿದು ಮಹಾಬಳೇಶ್ವರದ ಎಸ್‌ಟಿ ಹಿಡಿಯಬೇಕು. ಒಂದೇ ದಿನದಲ್ಲಿ ಹೋಗಿ ಬರೋದು ಬಹಳ ತ್ರಾಸು, ಒಂದು ರಾತ್ರಿ ಉಳಿಯುವ ತಯಾರಿ ಇಟ್ಟುಕೊಳ್ರಿ.

ತೋಟದ ಒಳಗೆ

ರಸ್ತೆ ಪಕ್ಕದಲ್ಲೇ ಬೋರ್ಡ್ ಇರುತ್ತವೆ. ಒಳಗೆ ಕಾಲಿಡುವ ಮೊದಲು ಕೇಳಬೇಕಾದ್ದು ನಾಲ್ಕು ಮಾತು. ಒಳಗೆ ಹೋಗೋಕೆ ಬೇರೆ ದುಡ್ಡು ಇದೆಯಾ? ಕಿತ್ತ ಹಣ್ಣು ಕೆಜಿ ಲೆಕ್ಕವಾ, ಡಬ್ಬಿ ಲೆಕ್ಕವಾ? ಹೊಲದಲ್ಲಿ ನಿಂತು ತಿಂದಿದ್ದಕ್ಕೆ ಲೆಕ್ಕ ಇದೆಯಾ? ಔಷಧಿ ಹೊಡೆದು ಎಷ್ಟು ದಿನ ಆಯ್ತು? ನಾಲ್ಕನೆಯದನ್ನ ಯಾರೂ ಕೇಳೋದಿಲ್ಲ, ಅದೇ ಮೊದಲು ಕೇಳಬೇಕಾದ್ದು. ಸ್ಟ್ರಾಬೆರಿಗೆ ಸಿಪ್ಪೆ ಇಲ್ಲ, ಹೊಡೆದ ಔಷಧಿ ಹಣ್ಣಿನ ಮೈ ಮೇಲೇ ಇರುತ್ತೆ. ಮಕ್ಕಳಿಗೆ ಗಿಡದಿಂದ ಸೀದಾ ಬಾಯಿಗೆ ಹಾಕೋಕೆ ಬಿಡಬೇಡ್ರಿ, ಒಂದು ಬಾಟ್ಲಿ ನೀರು ಕೈಯಲ್ಲಿರಲಿ. ಮರಾಠಿಯಲ್ಲಿ ಕೇಳಿದರೆ ಕೆಲಸ ಸಲೀಸು, ನಮ್ಮ ತಾಲೂಕಿನವರಿಗೆ ಅದೇನ್ ಹೊಸದಲ್ಲ.

ದರ ನಾನು ಬರೆಯೋದಿಲ್ಲ. ಅದು ದಿನಕ್ಕೊಂದು ಇರುತ್ತೆ, ಇವತ್ತಿನದು ಬರೆದರೆ ನಾಳೆ ನೀವು ನನ್ನ ಬೈತೀರಿ. ಇಷ್ಟು ತಿಳ್ಕೊಳ್ರಿ, ನಾವು ಹೋದ ತೋಟಗಳಲ್ಲಿ ಸ್ವತಃ ಕಿತ್ತ ಹಣ್ಣು ರಸ್ತೆ ಬದಿಯ ಬಾಕ್ಸ್‌ಗಿಂತ ತುಟ್ಟಿಯೇ ಇತ್ತು. "ನಾವೇ ಕೀಳ್ತೀವಿ, ಆಳಿನ ಖರ್ಚು ಉಳಿತಲ್ಲ, ಕಡಿಮಿ ಮಾಡ್ರಿ" ಅಂತ ಮಾಮಾ ವಾದ ಮಾಡಿದರು. ತೋಟದ ಅಕ್ಕ ನಕ್ಕು ಪಕ್ಕದ ಸಾಲು ತೋರಿಸಿದರು. ಹಿಂದಿನ ದಿನ ಬಂದವರು ತುಳಿದು ಮಲ್ಚಿಂಗ್ ಪೇಪರ್ ಹರಿದಿತ್ತು, ಅರ್ಧ ಕಚ್ಚಿ ಒಗೆದ ಹಣ್ಣು ಬಿದ್ದಿದ್ದವು, ಎರಡು ಗಿಡ ಬೇರು ಸಮೇತ ಮೇಲೆದ್ದಿದ್ದವು. ಮಾಮಾ ಮುಂದೆ ಮಾತಾಡಲಿಲ್ಲ.

ಗಿಡ ಮೊಣಕಾಲಿಗಿಂತ ಕೆಳಗೆ ಇರುತ್ತೆ. ಬೋದಿನ ಮೇಲೆ ಪೇಪರ್ ಹಾಸಿ ಸಸಿ ಹಚ್ಚಿರ್ತಾರೆ, ನೀವು ನಡೀಬೇಕಾದ್ದು ಬೋದುಗಳ ನಡುವಿನ ಕಾಲುದಾರಿಯಲ್ಲಿ. ಡ್ರಿಪ್ಪಿನಿಂದ ಮಣ್ಣು ಹಸಿ ಇರುತ್ತೆ, ಹೊಸ ಚಪ್ಪಲಿ, ಬಿಳಿ ಪ್ಯಾಂಟು ಮನೆಯಲ್ಲಿಡ್ರಿ. ಮೇಲಿಂದ ನೋಡಿದರೆ ಎಲೆ ಮಾತ್ರ. ಬಗ್ಗಿ ಎಲೆ ಸರಿಸಿದರೆ ಪೇಪರ್ ಮೇಲೆ ಹಣ್ಣು ಒರಗಿರುತ್ತವೆ.

ಈಗ ಮುಖ್ಯ ಮಾತು. ಸ್ಟ್ರಾಬೆರಿ ಕಿತ್ತ ಮೇಲೆ ಹಣ್ಣಾಗೋದಿಲ್ಲ. ಮಾವು, ಬಾಳೆ, ಚಿಕ್ಕು ನಾವು ಕಾಯಿ ತಂದು ಹುಲ್ಲಿನಲ್ಲಿ, ಅಕ್ಕಿ ಡಬ್ಬಿಯಲ್ಲಿ ಇಟ್ಟು ಹಣ್ಣು ಮಾಡ್ತೀವಿ. ಇದು ಹಂಗಲ್ಲ. ಅರ್ಧ ಬಿಳಿ ಇರುವ ಹಣ್ಣು ಕಿತ್ತು ಇಟ್ಟರೆ ಬಣ್ಣ ಒಂದಿಷ್ಟು ಕೆಂಪಗಾಗುತ್ತೆ, ಸಿಹಿ ಮಾತ್ರ ಏರೋದಿಲ್ಲ. ಗಿಡದ ಮೇಲೆ ಇದ್ದಷ್ಟು ದಿನ ಎಷ್ಟು ಸಕ್ಕರೆ ಬಂತೋ ಅಷ್ಟೇ. ಅದಕ್ಕೇ "ಫೋಟೋದಾಗ ಕೆಂಪು, ಬಾಯಾಗ ಹುಳಿ" ಅನ್ನೋ ದೂರು. ಹಣ್ಣನ್ನ ಹೊರಳಿಸಿ ನೋಡ್ರಿ. ತೊಟ್ಟಿನ ಬುಡದ ತನಕ, ಹಿಂದೆ ಮುಂದೆ ಪೂರ್ತಿ ಕೆಂಪಿದ್ದರೆ ಮಾತ್ರ ಕೀಳ್ರಿ. ಭುಜದ ಹತ್ತಿರ ಬಿಳಿ ಇದ್ದರೆ ಬಿಡ್ರಿ, ಎರಡು ದಿನ ಬಿಟ್ಟು ಬರುವವರಿಗೆ ಅದು ಸಿಗಲಿ. ದೊಡ್ಡದೇ ಸಿಹಿ ಅನ್ನೋದೂ ಸುಳ್ಳು. ನಮ್ಮ ಬುಟ್ಟಿಯಲ್ಲಿ ಎಲ್ಲಕ್ಕಿಂತ ಸಿಹಿ ಇದ್ದದ್ದು ಹೆಬ್ಬೆರಳಿನ ಉಗುರಿನಷ್ಟರ ಹಣ್ಣು.

ಕೀಳುವ ರೀತಿಯೂ ಇದೆ. ಹಣ್ಣು ಹಿಡಿದು ಜಗ್ಗಬಾರದು. ಜಗ್ಗಿದರೆ ಹಣ್ಣು ಜಜ್ಜುತ್ತೆ, ಜೊತೆಗೆ ಹೂವು, ಕಾಯಿ ಇರುವ ಗೊಂಚಲೂ ಬರುತ್ತೆ. ಹಣ್ಣಿನ ಮೇಲಿನ ಕಡ್ಡಿಯನ್ನ ಹೆಬ್ಬೆರಳ ಉಗುರು, ತೋರುಬೆರಳಿನ ನಡುವೆ ಹಿಡಿದು ಚಿವುಟಿ ತಿರುವಬೇಕು. ಹಸಿರು ಟೋಪಿ, ಸಣ್ಣ ತೊಟ್ಟು ಹಣ್ಣಿಗೆ ಅಂಟಿಕೊಂಡೇ ಇರಬೇಕು. ಟೋಪಿ ಕಿತ್ತರೆ ಅಲ್ಲಿಂದಲೇ ಕೊಳೆಯೋಕೆ ಶುರು. ಬುಟ್ಟಿಯಲ್ಲಿ ಎರಡು, ಹೆಚ್ಚಂದ್ರೆ ಮೂರು ಸಾಲು. ಮೇಲೆ ಮೇಲೆ ಪೇರಿಸಿದರೆ ಕೆಳಗಿನದು ಜಾಮ್.

ನಾನು ಡಿಗ್ರಿ ಎರಡನೇ ವರ್ಷಕ್ಕೆ ಬಿಟ್ಟವನು, ಆದರೆ ಬಾಟನಿ ಕ್ಲಾಸಿನ ಒಂದು ಮಾತು ನೆನಪಿದೆ. ಸ್ಟ್ರಾಬೆರಿ ಹೆಸರಿಗಷ್ಟೇ ಬೆರಿ, ಶಾಸ್ತ್ರದ ಪ್ರಕಾರ ಬೆರಿಯೇ ಅಲ್ಲ, ಬಾಳೆಹಣ್ಣು ಬೆರಿ. ನಾವು ತಿನ್ನುವ ಕೆಂಪು ಭಾಗ ಹೂವಿನ ತಳ ಊದಿಕೊಂಡಿದ್ದು. ಮೈ ಮೇಲೆ ಎಳ್ಳಿನಂಗೆ ಕಾಣುವ ಒಂದೊಂದು ಕಾಳೂ ಒಂದೊಂದು ಹಣ್ಣು. ಸಿಪ್ಪೆ ಯಾಕಿಲ್ಲ, ಬೆರಳು ಒತ್ತಿದರೆ ಯಾಕೆ ಕಲೆ ಬೀಳುತ್ತೆ ಅಂತ ಆವತ್ತು ತೋಟದಲ್ಲಿ ನಿಂತಾಗ ಅರ್ಥ ಆಯ್ತು.

ಮಿಕ್ಕ ಹೊತ್ತು

ತೋಟ ಒಂದು ತಾಸಿನ ಕೆಲಸ. ಮ್ಯಾಪ್ರೋ ಗಾರ್ಡನ್‌ನಲ್ಲಿ ಸ್ಟ್ರಾಬೆರಿ ಕ್ರೀಮ್ ತಿನ್ನದೆ ಮಕ್ಕಳು ಬಿಡೋದಿಲ್ಲ. ಭಿಲಾರ 2017ರಿಂದ "ಪುಸ್ತಕಾಂಚ ಗಾಂವ್", ಅಂದ್ರೆ ಪುಸ್ತಕದ ಊರು. ಮನೆ, ಗುಡಿ, ಶಾಲೆಗಳಲ್ಲಿ ಕಪಾಟು ಇಟ್ಟಿದ್ದಾರೆ, ಯಾರು ಬೇಕಾದರೂ ಕೂತು ಓದಬಹುದು, ಪುಸ್ತಕ ಬಹುತೇಕ ಮರಾಠಿ. ಪಾಯಿಂಟ್‌ಗಳ ಬಗ್ಗೆ ನಾನು ಹೇಳಬೇಕಿಲ್ಲ, ಡ್ರೈವರ್ ಹೇಳ್ತಾರೆ.

ಬಿಡಬಾರದ ಜಾಗ ಒಂದೇ, ಹಳೇ ಮಹಾಬಳೇಶ್ವರದ ಪಂಚಗಂಗಾ ಗುಡಿ. ಕಲ್ಲಿನ ಗೋಮುಖದಿಂದ ಸಣ್ಣಗೆ ನೀರು ಬೀಳುತ್ತೆ. ಕೃಷ್ಣಾ, ಕೊಯ್ನಾ, ವೆಣ್ಣಾ, ಸಾವಿತ್ರಿ, ಗಾಯತ್ರಿ ಐದೂ ಇಲ್ಲಿಂದಲೇ ಅನ್ನೋ ನಂಬಿಕೆ. ನಮ್ಮ ಅವ್ವನ ತವರು ಚಿಕ್ಕೋಡಿ ತಾಲೂಕಿನಲ್ಲಿ ಕೃಷ್ಣಾ ದಂಡೆ ಮೇಲಿನ ಊರು. 2019ರ ಮಹಾಪೂರದಲ್ಲಿ ಆ ಮನೆ ಗೋಡೆ ಬಿತ್ತು, 2021ರಲ್ಲಿ ಮತ್ತೆ ನೀರು ಒಳಗೆ ಬಂತು. ಬೆರಳಷ್ಟು ಧಾರೆ ನೋಡುತ್ತಾ ಅವ್ವ ಬಹಳ ಹೊತ್ತು ನಿಂತಳು. "ಇಷ್ಟ ಏನು?" ಅಂದಳು. ಒಂದು ಬಾಟ್ಲಿ ತುಂಬಿಸಿಕೊಂಡಳು.

ತರುವ ಮಾತು, ಅಂಗಡಿಯವರಿಗೆ

ಮನೆಗೆ ಒಯ್ಯುವ ಹಣ್ಣು ಕೊನೆಗೆ ಕೊಳ್ಳಬೇಕು. ಎಲ್ಲ ತಿರುಗಾಟ ಮುಗಿದು, ಗಾಡಿ ಊರ ಕಡೆ ಮುಖ ಮಾಡಿದ ಮೇಲೆ, 4ರ ಸುಮಾರಿಗೆ. ಮಾಮಾ ಮೊದಲ ಸಲ ತಪ್ಪಿದ್ದು ಇಲ್ಲೇ. ಬಾಕ್ಸ್‌ನ ಡಬ್ಬಿಗಳು ಸಾಮಾನ್ಯವಾಗಿ 200 ಅಥವಾ 250 ಗ್ರಾಮಿನವು. ಮೇಲಿನ ಸಾಲು ನೋಡಿ ಮೋಸ ಹೋಗಬೇಡ್ರಿ, ಡಬ್ಬಿ ಎತ್ತಿ ಕೆಳಗಿನಿಂದ ನೋಡ್ರಿ. ತಳ ಒದ್ದೆ ಇದ್ದರೆ, ಒಂದೇ ಒಂದು ಹಣ್ಣಿಗೆ ಬೂದು ಬಣ್ಣದ ಬೂಷ್ಟು ಕಂಡರೆ ಆ ಡಬ್ಬಿ ಬೇಡ. ಒಂದು ಕೆಟ್ಟದ್ದು ರಾತ್ರಿಯೊಳಗೆ ಪಕ್ಕದ ನಾಲ್ಕನ್ನ ಕೆಡಿಸುತ್ತೆ. ಇವತ್ತು ಮುಂಜಾನೆ ಕಿತ್ತದ್ದಾ, ನಿನ್ನೆಯದಾ ಅಂತ ಕೇಳ್ರಿ. ಟೋಪಿ ಹಸಿರಾಗಿ ನೆಟ್ಟಗೆ ಇದ್ದರೆ ತಾಜಾ, ಬಾಡಿ ಮಡಚಿದ್ದರೆ ಹಳೇದು.

ಮನೆಗೆ ತಿನ್ನೋಕೆ ಪೂರ್ತಿ ಕೆಂಪು. ಮರುದಿನ ಮಾರೋಕೆ ಅಂತಿದ್ದರೆ ಅಷ್ಟು ಮಾಗಿದ್ದು ತಾಳೋದಿಲ್ಲ, ಮುಕ್ಕಾಲು ಕೆಂಪಿನ ಗಟ್ಟಿ ಹಣ್ಣು ತಗೋಬೇಕು. ಅದರ ರುಚಿ ಸ್ವಲ್ಪ ಕಡಿಮೆ ಅಂತ ಗಿರಾಕಿಗೆ ಮೊದಲೇ ಹೇಳಿಬಿಡೋದು ಒಳ್ಳೇದು.

ಹಣ್ಣು ತೊಳೆದು ಇಡಲೇಬಾರದು, ತಿನ್ನುವ ಮುಂಚೆ ಮಾತ್ರ ತೊಳೀಬೇಕು. ಡಿಕ್ಕಿ ಬೇಡ, ಎಸಿ ತಾಗುವಂಗೆ ಒಳಗೆ ಸೀಟಿನ ಕೆಳಗೆ ಇಡ್ರಿ. ಇನ್ನೂ ಚಲೋ ಅಂದ್ರೆ ಥರ್ಮಾಕೋಲ್ ಡಬ್ಬಿ. ಹೆಪ್ಪುಗಟ್ಟಿಸಿದ ನೀರಿನ ಬಾಟ್ಲಿಗೆ ಪೇಪರ್ ಸುತ್ತಿ ತಳದಲ್ಲಿ ಇಟ್ಟು, ಮೇಲೆ ರಟ್ಟು ಹಾಸಿ, ಅದರ ಮೇಲೆ ಹಣ್ಣಿನ ಡಬ್ಬಿ. ನೀರು ಹಣ್ಣಿಗೆ ತಾಗಬಾರದು. ಬರುವಾಗ ಮಹಾಬಳೇಶ್ವರದಿಂದ ಮೇಢಾ ಮೇಲೆ ಸಾತಾರಾಕ್ಕೆ ಇಳಿದರೆ ವಾಯಿಗೆ ಸುತ್ತುವುದು ತಪ್ಪುತ್ತೆ, ಆಣೇವಾಡಿ ಟೋಲೂ ತಪ್ಪುತ್ತೆ. ಘಾಟ್ ರಸ್ತೆಯಲ್ಲಿ ತಿರುವು ಜಾಸ್ತಿ, ಬೆಳಕಿರುವಾಗಲೇ ಇಳಿದುಬಿಡ್ರಿ. ದಾರಿಯಲ್ಲಿ ಊಟ ಸೇರಿ ರಾತ್ರಿ 10ಕ್ಕೆ ನಿಪ್ಪಾಣಿ.

ಮನೆಗೆ ಬಂದ ತಕ್ಷಣ ಎಷ್ಟೇ ನಿದ್ದೆ ಬಂದರೂ ಡಬ್ಬಿ ಬಿಚ್ಚಿ ಒಡೆದಿದ್ದನ್ನ ಬೇರೆ ಮಾಡ್ರಿ. ಚಲೋ ಇದ್ದದ್ದು ಫ್ರಿಜ್‌ಗೆ, ಅಲ್ಲಿ ಮೂರು ನಾಲ್ಕು ದಿನ ತಡೀಬಹುದು. ಹೊರಗಿಟ್ಟರೆ ಒಂದು ದಿನ, ಬಹಳ ಅಂದ್ರೆ ಎರಡು. ಒಡೆದಿದ್ದಕ್ಕೆ ಸಕ್ಕರೆ ಹಾಕಿ, ಒಂದು ನಿಂಬೆಹಣ್ಣು ಹಿಂಡಿ ಒಲೆ ಮೇಲಿಟ್ಟರೆ ಚಪಾತಿಗೆ ಆಯ್ತು. ಬೂಷ್ಟು ಬಂದಿದ್ದು ಮಾತ್ರ ಜಾಮಿಗೂ ಬೇಡ, ಒಗೆದುಬಿಡ್ರಿ.

ಎರಡನೇ ಸಲ ಹೋಗುವಾಗ ಮಾಮಾ ಹಿಂದಿನ ದಿನವೇ ವಾಟ್ಸಾಪ್‌ನಲ್ಲಿ ಗಿರಾಕಿಗಳನ್ನ ಕೇಳಿ ಆರ್ಡರ್ ಬರೆದುಕೊಂಡಿದ್ದರು. ಆರ್ಡರ್ ಇದ್ದಷ್ಟು, ಮೇಲೆ ಒಂದು ಬಾಕ್ಸ್, ಒಟ್ಟು 6. ಮುಂಜಾನೆ 7ಕ್ಕೆ ಮನೆ ಮನೆಗೆ ಮುಟ್ಟಿಸೋಕೆ ಶುರು ಮಾಡಿ 11ರೊಳಗೆ ಮುಗಿಸಿದರು. ಗಾಡಿ ಮೇಲೆ ಇಡಲೇ ಇಲ್ಲ. "ಬಿಸಿಲಿಗೆ ತೋರಿಸೂ ಮಾಲ್ ಅಲ್ಲ ಇದು" ಅಂತಾರೆ.

ತಂಬಾಕು ಬೆಳೆಯುವ ಕೆಲವರು ನನ್ನ ಕೇಳ್ತಾ ಇರ್ತಾರೆ, ನಮ್ಮ ಹೊಲದಾಗ ಇದು ಆಗತೈತೇನು ಅಂತ. ಸಸಿ ಬದುಕುತ್ತೆ, ಚಳಿಗಾಲದಲ್ಲಿ ನಾಲ್ಕು ಹಣ್ಣೂ ಬಿಡಬಹುದು. ಆದರೆ ಹೂವು ಕಟ್ಟೋಕೆ ಸಣ್ಣ ಹಗಲು, ಥಂಡಿ ರಾತ್ರಿ ಎರಡೂ ಬೇಕು, ಫೆಬ್ರವರಿಗೇ ಬಿಸಿಲು ಏರುವ ನಮ್ಮ ಕಡೆ ಸೀಜನ್ ಗಿಡ್ಡ ಆಗುತ್ತೆ. ಯೂಟ್ಯೂಬ್ ನೋಡಿ ಎಕರೆಗಟ್ಟಲೆ ಸಸಿಗೆ ದುಡ್ಡು ಕಟ್ಟುವ ಮುಂಚೆ ಒಂದು ಗುಂಟೆ ಹಚ್ಚಿ ನೋಡ್ರಿ, ಕೃಷಿ ವಿಜ್ಞಾನ ಕೇಂದ್ರದವರನ್ನ ಕೇಳ್ರಿ. ನಾವು ಹೋದ ತೋಟದ ಯಜಮಾನರಿಗೂ ಇದೇ ಪ್ರಶ್ನೆ ಕೇಳಿದೆ. ಅವರು ನಮ್ಮ ಊರು ಯಾವುದು ಅಂತ ಕೇಳಿ, ಹೆಸರು ಹೇಳಿದ ಕೂಡಲೇ, "ನಿಪ್ಪಾಣಿ? ತಂಬಾಕಿನ ನಿಪ್ಪಾಣಿನಾ?" ಅಂದು ನಕ್ಕರು, ಆಮೇಲೆ ಎರಡು ಸಸಿ ಪುಕ್ಕಟೆ ಕೊಟ್ಟರು. ಒಂದು ಮಾರ್ಚ್‌ನಲ್ಲಿ ಒಣಗಿತು. ಇನ್ನೊಂದು ನಮ್ಮ ಬಚ್ಚಲ ಹಿಂದಿನ ನೆರಳಿನಲ್ಲಿ ಇನ್ನೂ ಇದೆ, ಎಲೆ ಬಿಟ್ಟಿದೆ, ಹಣ್ಣು ಬಿಟ್ಟಿಲ್ಲ.